ವೆಂಡೆಲ್ ಮಾವನ ಮಾದರಿ ತೋಟಾ

ಕಳೆದ ವಾರ ನಮ್ಮ ಪಾದ್ರಿಯವರ ಹೆಂಡತಿ ಜೋಲೀನ್ ಬಂದಿದ್ದಳು. ಅವಳ ಕೋಟಿನ ಗುಂಡಿಯೊಂದು ಕಿತ್ತುಹೋಗಿ ನೀಲಿ ದಾರ ಬೇಕಾಗಿತ್ತು. ಹೊಲಿಗೆ ಯಂತ್ರದ ಡ್ರಾಯರ್‌ನಲ್ಲಿದೆ, ತೆಗೆದುಕೋ ಎಂದೆ. ದಾರದ ಜೊತೆಗೆ ಅವಳು ಇನ್ನೂ ಎರಡು ವಸ್ತು ಹಿಡಿದು ಅಡುಗೆಮನೆಗೆ ಬಂದಳು. ಒಂದು, ಅರ್ಧ ಗೇಣಿಗಿಂತ ತುಸು ಉದ್ದದ ಉಕ್ಕಿನ ನಳಿಗೆ. ಇನ್ನೊಂದು, ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟಿರುವ ಪಿಸ್ತೂಲಿನ ತೋಟಾ.

"ಆರ್ಡಿತ್ ಅಜ್ಜೀ, ಇದು ಸಿಡಿಯಲ್ಲ ತಾನೇ?" ಎಂದು ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು.

"ಸಿಡಿಯಲ್ಲ ಕಣಮ್ಮ. ಅದರಲ್ಲಿ ಮದ್ದಿಲ್ಲ, ಕೇಪೂ ಇಲ್ಲ. ನಮ್ಮ ಮಾವ ಮಾಡಿದ್ದು."

ಅವಳು ಎರಡನ್ನೂ ಕೋಳಿಮೊಟ್ಟೆಗಳೇನೋ ಎಂಬಂತೆ ಮೆಲ್ಲಗೆ ಮೇಜಿನ ಮೇಲಿಟ್ಟು ಹೋದಳು. ಅಂದಿನಿಂದ ಅವು ಅಲ್ಲೇ ಇವೆ. ನನಗೂ ಒಳಗಿಡಲು ಮನಸ್ಸಾಗಿಲ್ಲ.

ಮಾವ ಅದನ್ನು ಮಾಡಿದ ಚಳಿಗಾಲ ಕಳೆದು ಐವತ್ತು ವರ್ಷಕ್ಕೂ ಮೇಲಾಯಿತು. ಆಗ ನನಗೆ ಮೂವತ್ತೆರಡು. ಇದೇ ಊರಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನನ್ನ ಗಂಡ ಮರ್ಲ್‌ಗೆ ಗಾಜಿನ ಕಾರ್ಖಾನೆಯಲ್ಲಿ ಸಂಜೆಯ ಪಾಳಿ. ಹಾಗಾಗಿ ಪ್ರತಿ ಮಂಗಳವಾರ ಸಂಜೆ ನಾನು, ಮಾವ ಇಬ್ಬರೂ ಧಾನ್ಯದ ಹಳೆಯ ಗೋದಾಮಿನ ನೆಲಮಾಳಿಗೆಗೆ ಹೋಗುತ್ತಿದ್ದೆವು. ಸರೋವರ ಹೆಪ್ಪುಗಟ್ಟಿದ ದಿನದಿಂದ ಅದು ಕರಗುವ ತನಕ ಸುತ್ತಲಿನ ಊರುಗಳ ಪಿಸ್ತೂಲು ಲೀಗ್ ನಡೆಯುತ್ತಿದ್ದುದು ಅಲ್ಲಿ. ಒಂದೇ ಕೈ ಚಾಚಿ ಹೊಡೆಯಬೇಕು. ಮೊದಲ ಹತ್ತು ಈಡು ನಿಧಾನ, ನಂತರದ ಹತ್ತು ಚುರುಕು, ಕೊನೆಯ ಹತ್ತು ತೀರ ಚುರುಕು. ಆ ಕೊನೆಯದರಲ್ಲಿ ಐದು ಈಡಿಗೆ ಹತ್ತೇ ಸೆಕೆಂಡು.

ನಮ್ಮ ತಂಡದಲ್ಲಿ ನಾಲ್ವರು. ನಾಯಕ ಡೆಲ್ಬರ್ಟ್ ಊರಿನ ಕ್ಷೌರಿಕ; ಅವನ ಬಾಯಿ ಕತ್ತರಿಗಿಂತ ವೇಗ. ಸ್ಟಾಶ್ ಎರಕದ ಕಾರ್ಖಾನೆಯವನು, ಸೀಸ ಕರಗಿಸಿ ಎಲ್ಲರಿಗೂ ಗುಂಡು ಎರೆದು ಕೊಡುತ್ತಿದ್ದ. ಹೈರಮ್ ದಂತವೈದ್ಯ, ಜನರ ಬಾಯೊಳಗೆ ದಿನವೆಲ್ಲ ಕೆಲಸ ಮಾಡುವುದರಿಂದಲೋ ಏನೋ, ತಾನು ಬಾಯಿ ಬಿಡುತ್ತಿದ್ದುದು ಕಡಿಮೆ. ನಾಲ್ಕನೆಯವಳು ನಾನು.

ಮರ್ಲ್‌ನ ಅಪ್ಪ, ನನ್ನ ಮಾವ ವೆಂಡೆಲ್ ಐದನೆಯವರು. ಅವರು ನಲವತ್ತು ವರ್ಷ ಉಪಕರಣಗಳನ್ನು ತಯಾರಿಸಿದ ಕುಶಲಕರ್ಮಿ. ಒಂದು ಕಾಲದಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತಿದ್ದರಂತೆ. ಕೈ ನಡುಗಲು ಶುರುವಾದ ಮೇಲೆ ಪಿಸ್ತೂಲು ಕೆಳಗಿಟ್ಟರು. ಆಮೇಲೆ ವೈದ್ಯರು ಕಾರು ಓಡಿಸಬಾರದು ಎಂದರು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ಅತ್ತೆ ಓಪಲ್ ತೀರಿಕೊಂಡು, ಮಾವ ತಮ್ಮ ಮನೆಯಲ್ಲಿ ಒಬ್ಬರೇ ಆದರು. ಅವರಿಗೆ ಉಳಿದದ್ದು ನಮ್ಮ ನೆಲಮಾಳಿಗೆಯ ಒಂದು ಬೆಂಚು, ಅದರ ಮೇಲೆ ತೋಟಾ ಒತ್ತುವ ಕೈಯಂತ್ರ, ಮತ್ತು ತಂಡಕ್ಕೆ ತೋಟಾ ತಯಾರಿಸುವ ಕೆಲಸ. ಬೆಳಿಗ್ಗೆ ಎದ್ದು ಶರ್ಟಿನ ಗುಂಡಿ ಹಾಕಿಕೊಳ್ಳಲು ಅವರಿಗೆ ಅದೊಂದೇ ಕಾರಣ ಎಂದು ನನಗೆ ಗೊತ್ತಿತ್ತು.

ಹೊಡೆದ ಹಿತ್ತಾಳೆಯ ಖಾಲಿ ತೋಟಾಗಳನ್ನು ತೊಳೆದು, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಮೇಲೆ ಸೀಸದ ಗುಂಡು ಒತ್ತುತ್ತಿದ್ದರು. ಗುಂಡು ಒಳಗಿಳಿಯಲೆಂದು ಹಿತ್ತಾಳೆಯ ಬಾಯನ್ನು ಮೊದಲು ಕೂದಲೆಳೆಯಷ್ಟು ಅಗಲಿಸಬೇಕು. ಗುಂಡು ಕೂತ ಮೇಲೆ ಯಂತ್ರದ ಅಚ್ಚು ಇಳಿಸಿ ಆ ಅಗಲವನ್ನು ಮತ್ತೆ ಒತ್ತಿ ಮುಚ್ಚಬೇಕು. ಕಡಿಮೆ ಮುಚ್ಚಿದರೆ ತೋಟಾ ನಳಿಗೆಯೊಳಗೆ ಪೂರ್ತಿ ಇಳಿಯುವುದಿಲ್ಲ. ಹೆಚ್ಚಾದರೆ ಗುರಿ ಕೆಡುತ್ತದೆ. ಎಷ್ಟೆಂದು ಅಳೆಯಲು, ತೋಟಾವನ್ನು ಇಕ್ಕಳದಂತೆ ಕಚ್ಚಿ ಹಿಡಿಯುವ, ಸಣ್ಣ ಗೀರುಗಳಿರುವ ಒಂದು ಉಕ್ಕಿನ ಅಳತೆಗೋಲು ಅವರ ಜೇಬಿನಲ್ಲಿ ಸದಾ ಇರುತ್ತಿತ್ತು.

ಮಂಗಳವಾರ ಒಬ್ಬೊಬ್ಬರಿಗೂ ಐವತ್ತು ತೋಟಾದ ಒಂದೊಂದು ಪೆಟ್ಟಿಗೆ. ಮೂವತ್ತು ಪಂದ್ಯಕ್ಕೆ, ಇಪ್ಪತ್ತು ಬೇಕಾದರೆಂದು ಹೆಚ್ಚಿಗೆ. ಉಳಿದದ್ದನ್ನು ಖಾಲಿಗಳ ಜೊತೆ ವಾಪಸು ಕೊಡಬೇಕು. ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ನಮ್ಮ ಹೆಸರು. ನನ್ನ ಪೆಟ್ಟಿಗೆಯೊಳಗೆ ಮಾತ್ರ ಎರಡು ಪೆಪ್ಪರ್‌ಮಿಂಟ್ ಇರುತ್ತಿದ್ದವು. ಆ ಚಳಿಗಾಲ ಪೆಟ್ಟಿಗೆಯ ಮೇಲಿನ ಅಕ್ಷರಗಳು ವಾರದಿಂದ ವಾರಕ್ಕೆ ದೊಡ್ಡವಾಗುತ್ತಿದ್ದುದನ್ನು ನೋಡಿದ್ದೆ. ನೋಡಿಯೂ ಅದರ ಅರ್ಥ ಹೊಳೆದಿರಲಿಲ್ಲ.

ಅಕ್ಟೋಬರಿನಲ್ಲಿ ನನ್ನ ಹುಟ್ಟುಹಬ್ಬಕ್ಕೆ ಮಾವ ನನ್ನ ಪಿಸ್ತೂಲಿಗೆ ಮೆತ್ತನೆಯ ಸ್ಪ್ರಿಂಗು, ಹೊಸ ನಳಿಗೆ ಹಾಕಿಕೊಟ್ಟಿದ್ದರು. ತಿಂಗಳುಗಟ್ಟಲೆ ಅರದಿಂದ ಉಜ್ಜಿ ಕೂರಿಸಿದ ಬಿಗಿಯಾದ ನಳಿಗೆ. ಉಳಿದವರ ಪಿಸ್ತೂಲುಗಳಲ್ಲಿ ಇದ್ದದ್ದು ಹಳೆಯ ಸೈನ್ಯದ ಸಡಿಲ ನಳಿಗೆಗಳು, ಏನು ಕೊಟ್ಟರೂ ನುಂಗುವಂಥವು. ನನ್ನದಕ್ಕೆ ಆ ಉದಾರತೆ ಇರಲಿಲ್ಲ.

ಜನವರಿಯಲ್ಲಿ ತೊಂದರೆ ಶುರುವಾಯಿತು. ಚುರುಕಿನ ಸುತ್ತಿನಲ್ಲಿ ಮೂರನೆಯ ಈಡಿನ ನಂತರ ಪಿಸ್ತೂಲಿನ ಮೇಲುಭಾಗ ಹಿಂದೆ ಹೋಗಿ ಮುಂದೆ ಬರುವಾಗ ಪೂರ್ತಿ ಮುಚ್ಚಿಕೊಳ್ಳದೆ ಒಂದು ಕೂದಲಿನಷ್ಟು ದೂರದಲ್ಲಿ ನಿಂತುಬಿಟ್ಟಿತು. ಕುದುರೆ ಎಳೆದರೆ ಏನೂ ಇಲ್ಲ. ಹಾಗಾದಾಗ ಇನ್ನೊಂದು ಕೈ ಎತ್ತಬೇಕು. ತೀರ್ಪುಗಾರರು ಬಂದು ನೋಡಿ, ಆ ಸುತ್ತನ್ನು ಮತ್ತೆ ಹೊಡೆಯಲು ಬಿಡುತ್ತಾರೆ. ನಮ್ಮ ಲೀಗಿನಲ್ಲಿ ಪಂದ್ಯಕ್ಕೆ ಒಂದೇ ಸಲ ಈ ವಿನಾಯಿತಿ. ಎರಡನೆಯ ಸಲ ಸಿಕ್ಕಿಕೊಂಡರೆ ಹೊಡೆಯದ ಈಡಿಗೆಲ್ಲ ಸೊನ್ನೆ. ಮುಂದಿನ ವಾರವೂ ಕೈ ಎತ್ತಿದೆ. ಅದರ ಮುಂದಿನ ವಾರವೂ.

"ಮಣಿಕಟ್ಟು ಕಣಮ್ಮ," ಎಂದ ಡೆಲ್ಬರ್ಟ್, ಕಾಫಿ ಮೇಜಿನ ಬಳಿ. "ಪಿಸ್ತೂಲು ಒದೆಯೋವಾಗ ಕೈ ಗಟ್ಟಿ ನಿಲ್ಲಬೇಕು. ನೀನು ಪೈ ಹಿಟ್ಟು ಹಿಡಿದ ಹಾಗೆ ಹಿಡೀತೀಯ."

"ನನ್ನ ಪೈ ತಿನ್ನೋವಾಗ ನಿನಗೆ ಈ ದೂರು ಇರಲಿಲ್ಲ," ಎಂದೆ.

"ಪೈ ವಿಷಯ ಬೇರೆ. ಅದಕ್ಕೆ ಹತ್ತು ಸೆಕೆಂಡಿನ ಗಡುವಿಲ್ಲ."

"ನೀನು ತಿನ್ನೋದು ನೋಡಿದ್ರೆ ಇದೆ ಅನ್ಸುತ್ತೆ," ಎಂದ ಸ್ಟಾಶ್. ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

ಮರುದಿನ ಉಳಿದ ತೋಟಾಗಳನ್ನು ಶಾಲೆಯ ಪ್ರಯೋಗಾಲಯಕ್ಕೆ ಒಯ್ದು ಅಲ್ಲಿನ ಅಳತೆಗೋಲಿನಲ್ಲಿ ಅಳೆದೆ. ಹತ್ತರಲ್ಲಿ ಮೂರರ ಬಾಯಿ ಅಗಲವಾಗಿಯೇ ಉಳಿದಿತ್ತು. ಅದೂ ಒಂದೊಂದು ಒಂದೊಂದು ಅಳತೆ. ಆಗ ಪೆಟ್ಟಿಗೆಯ ಮೇಲಿನ ದೊಡ್ಡ ದೊಡ್ಡ ಅಕ್ಷರಗಳು ನೆನಪಾದವು. ಮಾವನಿಗೆ ಆ ಸಣ್ಣ ಗೀರುಗಳು ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ಒತ್ತುತ್ತಿದ್ದರು.

ಹೇಳಬಹುದಿತ್ತು. ಹೇಳಲಿಲ್ಲ. ತೋಟಾ ಸರಿಯಿಲ್ಲ ಎಂದಾದರೆ ಡೆಲ್ಬರ್ಟ್ ಅಂಗಡಿಯಿಂದ ಕಾರ್ಖಾನೆ ತೋಟಾ ತರಿಸುತ್ತಾನೆ ಎಂದು ನನಗೆ ಗೊತ್ತಿತ್ತು. ಪಿಸ್ತೂಲು ಹೋಯಿತು, ಕಾರು ಹೋಯಿತು, ಓಪಲ್ ಹೋದರು. ಇದನ್ನೂ ಕಸಿಯುವವಳು ನಾನಾಗುವುದು ಬೇಡ ಎನಿಸಿತು.

ಅದಕ್ಕೆ ಮಣಿಕಟ್ಟಿನ ಅಪವಾದವನ್ನು ಒಪ್ಪಿಕೊಂಡೆ. ಒಂದು ರಬ್ಬರ್ ಚೆಂಡು ಕೊಂಡು ಎಲ್ಲರೆದುರು ಹಿಚುಕತೊಡಗಿದೆ. ತರಗತಿಯಲ್ಲೂ ಹಿಚುಕುತ್ತಿದ್ದೆ; ಮಕ್ಕಳು ಹೆದರಿ ಪಾಠ ಚೆನ್ನಾಗಿ ಓದಿಕೊಂಡು ಬರುತ್ತಿದ್ದರು. ಮಂಗಳವಾರ ಮಾವ ಸ್ಟಾಶ್‌ನ ಹೆಂಡತಿ ಕಳಿಸಿದ ಪಿರೋಗಿ ಕಡುಬು ತಿನ್ನಲು ಗೋದಾಮಿನೊಳಗೆ ಹೋದ ಮೇಲೆ ನಾನು ಕಾರಿನಲ್ಲಿ ಕೂತು ಪಿಸ್ತೂಲಿನಿಂದ ನಳಿಗೆ ಬಿಚ್ಚಿ, ಐವತ್ತೂ ತೋಟಾಗಳನ್ನು ಒಂದೊಂದಾಗಿ ಅದರೊಳಗೆ ಬಿಟ್ಟು ನೋಡುತ್ತಿದ್ದೆ. ಸರಿಯಾದದ್ದು 'ಟಕ್' ಎಂದು ಪೂರ್ತಿ ಇಳಿಯುತ್ತಿತ್ತು. ಕೆಟ್ಟದ್ದು ಸದ್ದಿಲ್ಲದೆ ಬಾಯಲ್ಲೇ ನಿಲ್ಲುತ್ತಿತ್ತು. ಕೆಟ್ಟವನ್ನು ಒಂದು ಕೋಕೋ ಡಬ್ಬಿಗೆ ಹಾಕಿ ಕಾರಿನ ಡಿಕ್ಕಿಯಲ್ಲಿ ಬಚ್ಚಿಡುತ್ತಿದ್ದೆ.

ಪಿಸ್ತೂಲು ಸಿಕ್ಕಿಕೊಳ್ಳುವುದು ನಿಂತಿತು. ಡೆಲ್ಬರ್ಟ್ ತನ್ನ ಅಂಗಡಿಗೆ ಬಂದವರಿಗೆಲ್ಲ ರಬ್ಬರ್ ಚೆಂಡಿನ ಮಹಿಮೆ ಹೇಳಿದ.

"ಉಳಿದ ತೋಟಾ ಎಲ್ಲಿ, ಮಗೂ?" ಎಂದು ಮಾವ ಕೇಳಿದರು.

"ಶನಿವಾರ ಕಲ್ಲುಗಣಿಗೆ ಹೋಗಿ ಅಭ್ಯಾಸ ಮಾಡ್ತೀನಿ ಮಾವ."

"ಈ ಹಿಮದಲ್ಲಾ?"

"ಮಣಿಕಟ್ಟು ಗಟ್ಟಿಯಾಗಬೇಕಲ್ಲ."

ಅವರು ಖಾಲಿಗಳನ್ನಷ್ಟೇ ಎಣಿಸಿ ಚೀಲಕ್ಕೆ ಹಾಕಿಕೊಂಡರು.

ಕೆಟ್ಟವು ಮೊದಲ ವಾರ ಹನ್ನೆರಡಿದ್ದವು, ಆಮೇಲೆ ಹದಿನೇಳು. ಮಾರ್ಚ್ ಮೊದಲ ಮಂಗಳವಾರ ಇಪ್ಪತ್ತಮೂರು. ಪಂದ್ಯಕ್ಕೆ ಮೂವತ್ತು ಬೇಕು, ನನ್ನ ಬಳಿ ಇದ್ದ ಒಳ್ಳೆಯವು ಇಪ್ಪತ್ತೇಳು. ಇದ್ದುದರಲ್ಲಿ ವಾಸಿ ಎನಿಸಿದ ಮೂರನ್ನು ಸೇರಿಸಿಕೊಂಡೆ. ಅದರಲ್ಲಿ ಎರಡು ಸಿಕ್ಕಿಕೊಂಡವು. ಎರಡನೆಯದು ಸಿಕ್ಕಿಕೊಂಡದ್ದು ಕೊನೆಯ ಐದು ಈಡುಗಳಲ್ಲಿ ಮೊದಲನೆಯದರ ನಂತರ. ನಾಲ್ಕು ಸೊನ್ನೆ. ಅದೃಷ್ಟಕ್ಕೆ ಎದುರಿನ ತಂಡ ಇನ್ನೂ ಕೆಟ್ಟದಾಗಿ ಹೊಡೆದಿತ್ತು. ಕೂದಲೆಳೆಯಲ್ಲಿ ಫೈನಲ್ ತಲುಪಿದೆವು.

ಅದರ ಮುಂದಿನ ವಾರ ಪಂದ್ಯವಿರಲಿಲ್ಲ, ಬರೀ ಅಭ್ಯಾಸ. ಅದಕ್ಕೆ ಮುಂಚೆ ಎಲ್ಲರೂ ಕಾಫಿ ಮೇಜಿನ ಸುತ್ತ ಕೂತಿದ್ದೆವು. ಡೆಲ್ಬರ್ಟ್ ತನ್ನ ಕಪ್ಪನ್ನು ತಿರುಗಿಸುತ್ತ ಗಂಟಲು ಸರಿಮಾಡಿಕೊಂಡ.

"ಆರ್ಡಿತ್, ಬೇಜಾರು ಮಾಡ್ಕೋಬೇಡ. ಫೈನಲ್‌ಗೆ ನನ್ನ ಷಡ್ಡಕ ಬರ್ತೀನಿ ಅಂದಿದಾನೆ. ನಿನ್ನ ಗುರಿಗೆ ಏನೂ ಅನ್ನೋಹಾಗಿಲ್ಲ. ಆದರೆ ಈ ಮಣಿಕಟ್ಟು..."

"ಅವಳ ಮಣಿಕಟ್ಟಲ್ಲ ಕಣಯ್ಯಾ."

ಮಾವ ಕೋಟಿನೊಳಗಿಂದ ನನ್ನ ಕೋಕೋ ಡಬ್ಬಿ ತೆಗೆದು ಮೇಜಿನ ಮಧ್ಯೆ ಇಟ್ಟರು. ಭಾನುವಾರ ಹಿಮ ತೆಗೆಯಲು ಡಿಕ್ಕಿಯಿಂದ ಸಲಿಕೆ ತೆಗೆದುಕೊಂಡಿದ್ದರು. ಡಬ್ಬಿ ಕೋಕೋಗೆ ತಕ್ಕ ತೂಕದ್ದಲ್ಲ ಎಂದು ಆ ಕೈಗಳಿಗೆ ಗೊತ್ತಾಗದೆ ಇರುತ್ತದೆಯೇ?

ಜೇಬಿನಿಂದ ನನ್ನ ನಳಿಗೆಯನ್ನೂ ತೆಗೆದರು. ಭಾನುವಾರ ನನ್ನ ಪಿಸ್ತೂಲನ್ನು ಒರೆಸಿಡುವುದು ಅವರೇ; ಆಗ ಬಿಚ್ಚಿ ಇಟ್ಟುಕೊಂಡಿದ್ದರು. ನಳಿಗೆಯನ್ನು ನೆಟ್ಟಗೆ ಹಿಡಿದು, ಕಣ್ಣು ಮುಚ್ಚಿಕೊಂಡು, ಡಬ್ಬಿಯಿಂದ ಒಂದು ತೋಟಾ ಒಳಗೆ ಬಿಟ್ಟರು. ಸದ್ದಿಲ್ಲ. ಎರಡನೆಯದು. ಸದ್ದಿಲ್ಲ. ಆಮೇಲೆ ಅಂದಿನ ಪೆಟ್ಟಿಗೆಯಿಂದ ಒಂದನ್ನು ಬಿಟ್ಟರು. ಟಕ್.

"ಕೇಳಿಸ್ತಾ? ಇದು ತೋಟಾ. ಉಳಿದದ್ದು ಕಸ. ಅದನ್ನ ಮಾಡಿದ್ದು ನಾನು. ಗೀರು ಕಾಣ್ತಿಲ್ಲ ನಂಗೆ. ಕ್ರಿಸ್‌ಮಸ್‌ನಿಂದ ಕಾಣ್ತಿಲ್ಲ. ಕಾಣುತ್ತೆ ಅಂದ್ಕೊಂಡು ಮಾಡ್ತಿದ್ದೆ."

ಗೋದಾಮಿನ ಒಲೆಯಲ್ಲಿ ಕಲ್ಲಿದ್ದಲು ಕುಸಿದ ಸದ್ದು ಕೇಳಿಸಿತು. ಆಮೇಲೆ ಸ್ಟಾಶ್ ತಲೆ ತಗ್ಗಿಸಿಕೊಂಡೇ ಹೇಳಿದ:

"ನನ್ನದ್ರಲ್ಲೂ ಎರಡು ಸಲ ಸಿಕ್ಕಿತ್ತು. ಪಿಸ್ತೂಲು ಕೊಳೆಯಾಗಿದೆ ಅಂತ ಹೇಳಿದ್ನಲ್ಲ, ಸುಳ್ಳು. ನನ್ನ ಪಿಸ್ತೂಲು ನನ್ನ ಹೆಂಡತಿ ಬಾಣಲೆಗಿಂತ ಚೊಕ್ಕ."

"ನಂಗೂ ಒಂದ್ಸಲ," ಎಂದ ಹೈರಮ್. ಆ ತಿಂಗಳು ಅವನಾಡಿದ ಮೊದಲ ಮಾತು ಅದೇ ಇರಬೇಕು.

ಮಾವ ಒಬ್ಬೊಬ್ಬರನ್ನೇ ನೋಡಿದರು. ಸಿಟ್ಟು ಬಂದಾಗ ಅವರ ಕೈ ನಡುಗುತ್ತಿರಲಿಲ್ಲ, ಅಂದೂ ನಡುಗಲಿಲ್ಲ. "ಅಂದ್ರೆ ನೀವೆಲ್ಲ ಸೇರಿ ಮುದುಕನಿಗೆ ಸುಳ್ಳು ಹೇಳಿದ್ರಾ?"

"ಸೇರಿ ಅಲ್ಲ," ಎಂದ ಸ್ಟಾಶ್. "ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಬೇರೆಬೇರೆಯಾಗೇ ಹೇಳಿದ್ವಿ."

"ಸಿಕ್ಕಿಕೊಳ್ತು ಅಂತ ನಂಗೆ ಹೇಳದಿದ್ರೆ ನಾನು ಸರಿಮಾಡೋದು ಹೇಗ್ರಯ್ಯಾ? ಈ ಹುಡುಗಿ ಎರಡು ತಿಂಗಳು ನಿಮ್ಮ ಮುಂದೆ ಚೆಂಡು ಹಿಚುಕಿದಾಳೆ, ನನ್ನ ಮಾನ ಉಳಿಸೋಕೆ. ನಾನು ಅವಳ ಕೈ ನೋಡ್ತಾ ಕೂತಿದ್ದೆ, ನಿಜಕ್ಕೂ ಕೈಯೇ ಮೆತ್ತಗಿದೆ ಅಂದ್ಕೊಂಡು." ಎದ್ದು ಟೋಪಿ ಹಾಕಿಕೊಂಡರು. "ಡೆಲ್ಬರ್ಟ್, ನಿನ್ನ ಷಡ್ಡಕ ಮನೇಲೇ ಇರಲಿ. ಫೈನಲ್‌ಗೆ ಅಂಗಡಿ ತೋಟಾ ತರಿಸು. ನಂದು ಮುಗೀತು."

ನನ್ನ ಕಾರಿನಿಂದ ತಮ್ಮ ಮನೆಯ ಮುಂದೆ ಇಳಿಯುವಾಗ ಮಾವ ನಳಿಗೆಯನ್ನು ನನ್ನ ಕೈಗೆ ಕೊಟ್ಟು, "ಕ್ಷಮಿಸು ಮಗೂ" ಎಂದರು. ಅವರು ಕಾರಿನ ಬಾಗಿಲು ಹಾಕಿದ್ದು ಎಷ್ಟು ಮೆಲ್ಲಗೆಂದರೆ, ಅದು ಸರಿಯಾಗಿ ಮುಚ್ಚಿಕೊಳ್ಳಲೇ ಇಲ್ಲ.

ನಾಲ್ಕು ದಿನ ಅವರು ನಮ್ಮ ನೆಲಮಾಳಿಗೆಗೆ ಬರಲಿಲ್ಲ. ಮರ್ಲ್ ಹೋಗಿ ನೋಡಿ ಬಂದು, "ಅಪ್ಪ ಗಡ್ಡ ಮಾಡ್ಕೊಂಡಿಲ್ಲ" ಎಂದಷ್ಟೇ ಹೇಳಿದ.

ಆ ನಾಲ್ಕು ದಿನ ನನ್ನ ತಲೆಯಲ್ಲಿ ಸುಳಿಯುತ್ತಿದ್ದುದು ಒಂದೇ ಯೋಚನೆ. ಅಂದು ಮೇಜಿನ ಬಳಿ ಅವರು ತೋಟಾ ಬಿಟ್ಟಾಗ ಕಣ್ಣು ಮುಚ್ಚಿಕೊಂಡಿದ್ದರಲ್ಲ? ಹಾಗಿದ್ದೂ ಯಾವುದು ಪೂರ್ತಿ ಇಳಿಯಿತು, ಯಾವುದು ಇಳಿಯಲಿಲ್ಲ ಎಂದು ನಮಗಿಂತ ಮೊದಲೇ ಅವರಿಗೆ ತಿಳಿದಿತ್ತು.

ಶನಿವಾರ ಬೆಳಿಗ್ಗೆ ಸೇಬಿನ ಪೈ, ನಳಿಗೆ ಮತ್ತು ಶಾಲೆಯ ಅಳತೆಗೋಲು ಹಿಡಿದು ಅವರ ಮನೆಗೆ ಹೋದೆ.

"ಕನಿಕರ ತಂದಿದ್ರೆ ವಾಪಸು ತಗೊಂಡು ಹೋಗು. ಪೈ ಇಟ್ಟು ಹೋಗಬಹುದು," ಎಂದರು, ಬಾಗಿಲಲ್ಲೇ ನಿಂತು.

"ಕನಿಕರ ಅಲ್ಲ ಮಾವ. ಅಂಗಡಿ ತೋಟಾ ನನ್ನ ಕೈಲಿ ಕತ್ತೆ ಒದ್ದ ಹಾಗೆ ಒದೆಯುತ್ತೆ. ನೀವೇ ಹಾಕಿದ ಮೆತ್ತನೆ ಸ್ಪ್ರಿಂಗು ಅದನ್ನ ತಡೆಯಲ್ಲ. ಪಿಸ್ತೂಲು ನಿಮ್ಮ ತೋಟಾಕ್ಕೇ ಹೊಂದಿಸಿದ್ದು. ಈಗ ಕೈಬಿಟ್ರೆ ನಾನೇನು ಮಾಡ್ಲಿ?"

ಅದು ನಿಜವೇ ಆಗಿತ್ತು. ಯಂತ್ರದ ವಿಷಯದಲ್ಲಿ ನಿಜಕ್ಕೆ ಅವರು ಎಂದೂ ಬೆನ್ನು ಹಾಕಿದವರಲ್ಲ. ಕೋಟು ಹಾಕಿಕೊಂಡರು.

ನಮ್ಮ ನೆಲಮಾಳಿಗೆಯಲ್ಲಿ ಗೀರುಗಳನ್ನು ನಾನು ಓದಿದೆ, ಯಂತ್ರವನ್ನು ಅವರು ತಿರುಗಿಸಿದರು. ಇನ್ನೊಂದು ಗೀರು. ಇನ್ನರ್ಧ. ಸಾಕು. ಮೊದಲನೆಯದನ್ನು ಮದ್ದೂ ಕೇಪೂ ಇಲ್ಲದೆ ಒತ್ತಿ ನಳಿಗೆಗೆ ಬಿಟ್ಟರು. ಟಕ್. ಬೆರಳ ತುದಿಯಿಂದ ತಿರುಗಿಸಿ ನೋಡಿದರು, ತಡೆಯಿಲ್ಲದೆ ತಿರುಗಿತು. ನಾನು ಅಳೆದೆ. ಪಾಠಪುಸ್ತಕದಲ್ಲಿರುವಷ್ಟು ಸರಿ.

ಅವರು ಅದನ್ನು ಬಹಳ ಹೊತ್ತು ಅಂಗೈಯಲ್ಲಿಟ್ಟುಕೊಂಡು ಕೂತರು. ಆಮೇಲೆ ಯಂತ್ರದ ಒತ್ತು ಅಚ್ಚನ್ನು ಪೂರ್ತಿ ಸಡಿಲಿಸಿ, ಆ ಮದ್ದಿಲ್ಲದ ತೋಟಾವನ್ನು ಅದರ ಕೆಳಗಿಟ್ಟು, ಕಣ್ಣು ಮುಚ್ಚಿಕೊಂಡು ಅಚ್ಚನ್ನು ಮೆಲ್ಲಗೆ ಇಳಿಸಿದರು. ಅದು ತೋಟಾಕ್ಕೆ ತಾಗಿದಲ್ಲಿ ಕೈ ನಿಂತಿತು. ಬಿಗಿದರು.

"ಈಗ ಇನ್ನೊಂದು ಒತ್ತಿ ಅಳೆ."

ಅಳೆದೆ. ಅದೇ ಅಳತೆ.

"ನೋಡಿದ್ಯಾ," ಎಂದರು. "ಇದು ಮಾದರಿ. ಇದು ಇದ್ರೆ ಗೀರು ಬೇಕಾಗಿಲ್ಲ. ನಲವತ್ತು ವರ್ಷ ಕಾರ್ಖಾನೇಲಿ ಇದನ್ನೇ ಮಾಡಿದೆ, ಮನೇಲಿ ಮರೆತುಬಿಟ್ಟೆ. ದಡ್ಡ ನಾನು." ಅಳತೆಗೋಲನ್ನು ನನ್ನತ್ತ ತಳ್ಳಿ, "ನಿನ್ನ ಅಳತೆಗೋಲು ಶಾಲೆಗೆ ವಾಪಸು ಕೊಡು. ಆದರೆ ನಳಿಗೆ ಶನಿವಾರ ಶನಿವಾರ ನಂಗೆ ಬೇಕು."

ಇನ್ನೂರು ತೋಟಾ ಒತ್ತಿದರು. ಇನ್ನೂರನ್ನೂ ನಳಿಗೆಗೆ ಬಿಟ್ಟು ಕೇಳಿದರು. ಮೂರನ್ನು ಮಾತ್ರ ಪಕ್ಕಕ್ಕಿಟ್ಟರು. ಆ ಮೂರರ ಸದ್ದಿನಲ್ಲಿ ನನಗೆ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವಾಗ ಪೆನ್ಸಿಲು ನನ್ನ ಕೈಗೆ ಕೊಟ್ಟರು. ನಾನು ಬರೆದೆ.

ಫೈನಲ್ ಪಕ್ಕದ ಜಿಲ್ಲೆಯಲ್ಲಿ. ಡೆಲ್ಬರ್ಟ್ ಪೆಟ್ಟಿಗೆಯನ್ನು ಅನುಮಾನದಿಂದಲೇ ತೆಗೆದುಕೊಂಡ. ಅವನ ಚೀಲದಲ್ಲಿ ಕಾರ್ಖಾನೆ ತೋಟಾದ ಹೊಸ ಪೊಟ್ಟಣಗಳಿದ್ದವು. ಮಾವನಿಗೂ ಅದು ಗೊತ್ತಿತ್ತು.

"ವೆಂಡೆಲ್, ಒಂದು ಸಿಕ್ಕಿದ್ರೂ ನಾನು ಇದನ್ನ ಒಡೀತೀನಿ. ಆಮೇಲೆ ಮುಂದಿನ ವರ್ಷಕ್ಕೂ ಇದೇ," ಎಂದ. ಹೇಳುವಾಗ ಅವನ ದನಿ ಮೆತ್ತಗಿತ್ತು.

"ನ್ಯಾಯ," ಎಂದರು ಮಾವ.

ಅವರು ನನ್ನ ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತರು. ನಿಧಾನದ ಸುತ್ತು ಮುಗಿಯಿತು. ಚುರುಕಿನದೂ ಮುಗಿಯಿತು. ಸ್ಟಾಶ್ ಕೈ ಎತ್ತಲಿಲ್ಲ, ಹೈರಮ್ ಎತ್ತಲಿಲ್ಲ. ಕೊನೆಯ ಐದು ಈಡು ಬಂದಾಗ ನನ್ನ ಎಡಗೈ ಸ್ಕರ್ಟಿನ ಜೇಬಿನಲ್ಲಿ ರಬ್ಬರ್ ಚೆಂಡನ್ನು ಹಿಡಿದಿತ್ತು, ಅಭ್ಯಾಸಬಲದಿಂದ. ಗುರಿಹಲಗೆ ನಮ್ಮತ್ತ ತಿರುಗಿತು. ಒಂದು. ಎರಡು. ಮೂರನೆಯದಾದ ಮೇಲೆ ಒಳಗೊಳಗೇ ಕಾದೆ, ಮೇಲುಭಾಗ ನಿಲ್ಲುತ್ತದೇನೋ ಎಂದು. ನಿಲ್ಲಲಿಲ್ಲ. ನಾಲ್ಕು. ಐದು. ಪಿಸ್ತೂಲು ಖಾಲಿಯಾಗಿ ಬಾಯಿ ತೆರೆದು ನಿಂತಿತು, ಆಕಳಿಸಿದ ಹಾಗೆ.

ತಿರುಗಿ ನೋಡಿದೆ. ಮಾವ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು. ಮೊಣಕಾಲ ಮೇಲೆ ಐದು ಬೆರಳು ಚಾಚಿದ್ದವು. ಎಣಿಸಿ ಮುಗಿಸಿ ಮಡಚಲು ಮರೆತಿದ್ದರು.

ನಮಗೆ ಮೂರನೆಯ ಸ್ಥಾನ ಬಂತು. ಡೆಲ್ಬರ್ಟ್ ಎರಡು ಈಡು ಅತ್ತಿತ್ತ ಹೊಡೆಯದಿದ್ದರೆ ಎರಡನೆಯದಾಗುತ್ತಿತ್ತು. ಸ್ಟಾಶ್ ವಾಪಸು ಬರುವ ದಾರಿಯುದ್ದಕ್ಕೂ ನನ್ನ ರಬ್ಬರ್ ಚೆಂಡನ್ನು ಹಿಚುಕು ಎಂದು ಡೆಲ್ಬರ್ಟ್‌ಗೆ ಕೊಡುತ್ತ ಬಂದ. ಬೇಸಿಗೆಯಲ್ಲಿ ಡೆಲ್ಬರ್ಟ್‌ನ ಅಂಗಡಿಯ ಮುಂದೆ ಹಾದುಹೋಗುವಾಗ, ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟದ್ದು ಏನೆಂದು ನೋಡಿದೆ. ಒಡೆಯದ ಆ ತೋಟಾ ಪೊಟ್ಟಣಗಳು, ದಾರ ಕಟ್ಟಿ, ಒಂದರ ಮೇಲೊಂದು.

ಮಾವ ಇನ್ನೂ ಆರು ಚಳಿಗಾಲ ತೋಟಾ ಮಾಡಿದರು. ಕೊನೆಯ ಎರಡು ವರ್ಷ ಅವರಿಗೆ ಬಹುತೇಕ ಏನೂ ಕಾಣುತ್ತಿರಲಿಲ್ಲ. ಶನಿವಾರ ನಾನು ಮೇಲೆ ಅಡುಗೆ ಮಾಡುತ್ತಿದ್ದರೆ ನೆಲದಡಿಯಿಂದ ಟಕ್, ಟಕ್ ಎಂದು ಕೇಳಿಸುತ್ತಿತ್ತು. ನಡುವೆ ಒಮ್ಮೊಮ್ಮೆ ಮೌನ, ಅದರ ಹಿಂದೆ ಒಂದು ಬೈಗುಳ. ಆಗ ನನಗೆ ಅದು ಮನೆಯ ಗಡಿಯಾರದಂತೆ ಒಗ್ಗಿಹೋಗಿತ್ತು. ನಿಂತ ಮೇಲೇ ಗೊತ್ತಾದದ್ದು ಅದು ಎಷ್ಟು ಜಾಗ ತುಂಬಿತ್ತು ಎಂದು.

ಅವರು ಹೋದ ಮೇಲೆ ಯಂತ್ರವನ್ನು ಸ್ಟಾಶ್‌ಗೆ ಕೊಟ್ಟೆ. ಪಿಸ್ತೂಲನ್ನು ಕ್ಲಬ್ಬಿಗೆ ಕೊಡುವಾಗ ಅದರ ಮೊದಲಿನ ನಳಿಗೆಯನ್ನೇ ಹಾಕಿ ಕೊಟ್ಟೆ. ಮಾವ ಕೂರಿಸಿದ ಈ ನಳಿಗೆ ಮತ್ತು ಮಾದರಿ ತೋಟಾ ನನ್ನ ಬಳಿ ಉಳಿದವು.

ಇಂದು ಬೆಳಿಗ್ಗೆ ಕಾಫಿಯಾದ ಮೇಲೆ ಮಾದರಿಯನ್ನು ನಳಿಗೆಯೊಳಗೆ ಬಿಟ್ಟೆ. ಸದ್ದು ಕೇಳಿಸಲಿಲ್ಲ, ನನ್ನ ಕಿವಿಗೆ ಅಂಥದ್ದು ಕೇಳಿಸಿ ಈಗ ಎಷ್ಟೋ ವರ್ಷವಾಯಿತು. ಅವರು ಮಾಡುತ್ತಿದ್ದ ಹಾಗೆ ಬೆರಳ ತುದಿಯಿಟ್ಟು ತಿರುಗಿಸಿದೆ. ತಡೆಯಿಲ್ಲದೆ ತಿರುಗಿತು.